ಹಿತಕಬೇಳೆ ಮತ್ತು ಐದನೇ ಆಟ

ಜನವರಿ 30, ಶನಿವಾರ

ಬೆಳಗಿನ ಜಾವ ಕೆಟ್ಟ ಕನಸು. ನಂದಿ ಬೆಟ್ಟದ ತಿರುವುಗಳಲ್ಲಿ ಗಾಡಿ ಇಳಿಸುತ್ತಿದ್ದೇನೆ. ಹಿಂದೆ ಯಾರೋ ಚೀಲದ ಜಿಪ್ಪು ಹಾಕಿಲ್ಲ. ಹಳದಿ ಚೆಂಡುಗಳು ಸೀಟಿನ ಕೆಳಗಿಂದ ಒಂದೊಂದಾಗಿ ಉರುಳಿ ಬಂದು ನನ್ನ ಕಾಲ ಬುಡದಲ್ಲಿ ಸೇರುತ್ತಿವೆ. ಬ್ರೇಕ್ ಒತ್ತಿದರೆ ಪೆಡಲ್ಲಿನ ಕೆಳಗೆ ಚೆಂಡು ಸಿಕ್ಕಿಕೊಂಡು ಕಾಲನ್ನು ಮೆತ್ತಗೆ ಹಿಂದಕ್ಕೆ ತಳ್ಳುತ್ತಿದೆ. ಗಾಡಿ ನಿಲ್ಲುತ್ತಿಲ್ಲ. ಹಿಂದೆ ಕೂತವರೆಲ್ಲ ಚಪ್ಪಾಳೆ ತಟ್ಟುತ್ತಿದ್ದಾರೆ. ಎದ್ದಾಗ ಬನೀನು ಒದ್ದೆ.

ಅಮ್ಮಾಜಮ್ಮನನ್ನು ಎಬ್ಬಿಸಿ ಹೇಳಿದೆ. "ಅವ್ರಿನ್ನೂ ಬಂದೇ ಇಲ್ಲ, ಆಗ್ಲೇ ಬೆಟ್ಟದಿಂದ ಉರುಳಿಸ್ಬಿಟ್ಯಾ?" ಎಂದು ಮಗ್ಗುಲು ಬದಲಾಯಿಸಿದಳು. ಗಂಡನ ಎದೆ ಹೊಡೆದುಕೊಳ್ಳುತ್ತಿದೆ, ಹೆಂಡತಿಗೆ ನಿದ್ದೆ.

ಈ ಡೈರಿ ಕೊಟ್ಟವಳು ಮಗಳು ಪದ್ಮಶ್ರೀ. "ಅಪ್ಪ, ನಿನ್ ಭಯನೆಲ್ಲ ಇದಕ್ಕೆ ಹೇಳು. ನಮ್ಮಿಬ್ರ ಕಿವಿಗೆ ಸ್ವಲ್ಪ ರಜಾ ಕೊಡು" ಅಂದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಟ್ರಿಪ್ ಶೀಟ್ ಬಿಟ್ಟರೆ ಬೇರೇನೂ ಬರೆದವನಲ್ಲ. ತಪ್ಪಾದರೆ ಆಗಲಿ, ಓದುವವನು ನಾನೊಬ್ಬನೇ.

ವಿಷಯ ಇದು. ಬೆಂಗಳೂರಿನಲ್ಲಿ ಡೇವಿಸ್ ಕಪ್ ಅಂತ ಟೆನ್ನಿಸ್ ಆಟ. ದೇಶಕ್ಕೂ ದೇಶಕ್ಕೂ ಪಂದ್ಯ. ಒಟ್ಟು ಐದು ಆಟ, ಮೂರು ಗೆದ್ದ ದೇಶ ಗೆದ್ದಂತೆ. ಆಟಗಾರರನ್ನು ಕರೆದುಕೊಂಡು ತಿರುಗುವ ಕೆಲಸ ನಮ್ಮ ಟ್ರಾವೆಲ್ಸಿಗೆ ಸಿಕ್ಕಿದೆ. ಇಂಡಿಯಾ ತಂಡ ಇನ್ನೊಬ್ಬ ಡ್ರೈವರ್ ಕೊಂಡಪ್ಪನ ಗಾಡಿಗೆ, ಎದುರಾಳಿಗಳು ನನ್ನ ಟೆಂಪೋ ಟ್ರಾವೆಲರ್‌ಗೆ, ಅಂದರೆ ನಮ್ಮ ಬಾಯಲ್ಲಿ ಟಿಟಿಗೆ. ಅವರ ದೇಶದ ಹೆಸರು ನನ್ನ ಬಾಯಲ್ಲಿ ತಿರುಗುವುದಿಲ್ಲ, ಬರೆಯಲೂ ಬರುವುದಿಲ್ಲ. ಚಳಿ ದೇಶ ಎಂದು ಗೊತ್ತು, ಅಷ್ಟೇ.

ಕೊಂಡಪ್ಪ ಶೆಡ್ಡಿನಲ್ಲಿ ಎಲ್ಲರ ಮುಂದೆ ನಕ್ಕ. "ಗೆಲ್ಲೋರು ನನ್ ಗಾಡೀಲಿ, ಸೋಲೋರು ನಿನ್ ಗಾಡೀಲಿ. ವಾಪಸ್ ಹೋಗ್ತಾ ಅಳ್ತಾರೆ, ಟವೆಲ್ ಮಡಗ್ಕೊ ಗಂಗುಲಣ್ಣ."

ಮ್ಯಾನೇಜರು ರಮೇಶ್‌ಬಾಬು ಮಾತ್ರ ನಗಲಿಲ್ಲ. "ನೋಡಿ ಗಂಗುಲಪ್ಪ, ಹೊರಗಡೇದು ಒಂದ್ ಚೂರೂ ತಿನ್ನಿಸ್ಬೇಡಿ. ನೀರೂ ಬೇಡ. ಯಾರಿಗಾದ್ರೂ ಹೊಟ್ಟೆ ಕೆಟ್ರೆ ಇಂಡಿಯಾದವ್ರೇ ಬೇಕಂತ ಮಾಡಿದ್ರು ಅಂತಾರೆ. ನಿಮ್ ಕೆಲಸಾನೂ ಹೋಗುತ್ತೆ, ನಂದೂ ಹೋಗುತ್ತೆ."

ಇಷ್ಟು ಹೇಳಿದ ಮೇಲೆ ಮನುಷ್ಯ ನಿದ್ದೆ ಮಾಡುವುದು ಹೇಗೆ?

ಜನವರಿ 31, ಭಾನುವಾರ

ಏರ್‌ಪೋರ್ಟಿನಿಂದ ಕರೆತಂದು ಬಳ್ಳಾರಿ ರಸ್ತೆಯ ಹೋಟೆಲಿನಲ್ಲಿ ಇಳಿಸಿದೆ. ಏನೂ ಆಗಲಿಲ್ಲ. ಏನೂ ಆಗದೆ ಇದ್ದದ್ದೇ ಭಯ. ನಾಳೆಗೆ ಉಳಿಸಿಕೊಂಡಿದೆಯೇನೋ.

ಬಿಳಿ ಮೀಸೆಯವರು ಕ್ಯಾಪ್ಟನ್. ಮಿಕ್ಕವರಲ್ಲಿ ಎಲ್ಲರಿಗಿಂತ ಚಿಕ್ಕವನು ತೋಮಾಸ್. ಇಪ್ಪತ್ತೊಂದಿರಬೇಕು, ನಮ್ಮ ಪದ್ಮಶ್ರೀ ವಯಸ್ಸು. ಕಾಲು ಉದ್ದ, ಹಿಂದೆ ಹಿಡಿಸುವುದಿಲ್ಲ, ನನ್ನ ಪಕ್ಕದ ಸೀಟಿನಲ್ಲಿ ಕೂತ. ಕೈ ಕೊಟ್ಟ. ಅಂಗೈ ತಣ್ಣಗೆ ಬೆವೆತಿತ್ತು. ಚೀಲದ ಜಿಪ್ಪು ಎಳೆದು ನೋಡಿದ. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದ. ಹೆಬ್ಬಾಳ ದಾಟುವಾಗ ಮತ್ತೆ. ಪಾಪ, ಹಿಂದೆ ಯಾವತ್ತೋ ಏನೋ ಕಳೆದುಕೊಂಡಿರಬೇಕು.

ಮನೆಗೆ ಬಂದು ಗಾಡಿಯ ಬಾಗಿಲುಗಳನ್ನು ನೋಡಿದೆ. ಊಟ ಮಾಡಿ ಮತ್ತೊಂದು ಸಲ ಹೋಗಿ ನೋಡಿದೆ.

ಫೆಬ್ರವರಿ 3, ಬುಧವಾರ

ನನ್ನ ಕೈಯಾರೆ ನಾನೇ ಮಾಡಿಕೊಂಡೆ. ಬೇರೆ ಯಾರನ್ನೂ ಬೈಯುವ ಹಾಗಿಲ್ಲ.

ಮಧ್ಯಾಹ್ನ ಪ್ರಾಕ್ಟೀಸ್ ಇರಲಿಲ್ಲ. ಕ್ಯಾಪ್ಟನ್ ಫೋನಿನಲ್ಲಿ ಸ್ಕಂದಗಿರಿ ಫೋಟೋ ತೋರಿಸಿ ಅಲ್ಲಿಗೆ ಹೋಗೋಣ ಎಂದರು. ಹತ್ತುವುದು ಬೇಡ, ಕಾಲು ಉಳುಕುತ್ತದೆ, ಕೆಳಗಿಂದ ನೋಡಿದರೆ ಸಾಕು ಎಂದು ಕೈಸನ್ನೆಯಲ್ಲೇ ಒಪ್ಪಿಸಿದೆ. ಕ್ಯಾಪ್ಟನ್, ತೋಮಾಸ್, ಕಾಲು ನೀವುವ ಒಬ್ಬ, ಮೂರೇ ಜನ. ನೋಡಿದರು, ಫೋಟೋ ತೆಗೆದರು. ವಾಪಸ್ ಬರುವಾಗ ತೋಮಾಸ್ ಬಾತ್‌ರೂಮ್ ಎಂದ. ಪೆಟ್ರೋಲ್ ಬಂಕಿನದು ನಾನೇ ಮೂಗು ಮುಚ್ಚಿಕೊಂಡು ಹೋಗುವಂಥದ್ದು. ಚಿಕ್ಕಬಳ್ಳಾಪುರದ ನಮ್ಮ ಮನೆ ಅಲ್ಲಿಂದ ಎರಡು ತಿರುವು. ಐದು ನಿಮಿಷದ ಕೆಲಸ ಅಂದುಕೊಂಡೆ.

ಆದರೆ ಮನೆಯಲ್ಲಿ ಅಮ್ಮಾಜಮ್ಮ ಇದ್ದಳು.

ಜಗಲಿಯ ಮೇಲೆ ಕಾಲು ಚಾಚಿಕೊಂಡು ಹಿತಕಬೇಳೆಗೆ ಕೂತಿದ್ದಳು. ಈ ವರ್ಷದ ಕೊನೆಯ ಸೊಗಡಿನ ಅವರೆ. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಬೋಗುಣಿಗೆ ಹಾರುತ್ತದೆ. ನನಗೆ ಗಾಬರಿ ಹೆಚ್ಚಾದಾಗಲೆಲ್ಲ ಅವಳು ಆ ಬೋಗುಣಿ ನನ್ನ ಮುಂದೆ ತಳ್ಳುವುದು ಈ ಮನೆಯ ಪದ್ಧತಿ. ಅವರೆ ಕಾಲ ಮುಗಿದ ಮೇಲೆ ಬೆಳ್ಳುಳ್ಳಿ.

ತೋಮಾಸ್ ಬಾತ್‌ರೂಮಿನಿಂದ ಬಂದವನು ನಿಂತು ನೋಡಿದ. "ಕೂತ್ಕೊಳಪ್ಪ, ನಿಂತ್ರೆ ಕಾಲ್ನೋವು" ಎಂದಳು. ಕೂತ. ಒಂದು ಕಾಳು ತೆಗೆದುಕೊಂಡು ಒತ್ತಿದ. ಬೇಳೆ ಹಾರಿ ಎದುರಿಗಿದ್ದ ಕ್ಯಾಪ್ಟನ್ ಮೀಸೆಗೆ ಬಡಿಯಿತು. ಅವರು "ಔಟ್!" ಎಂದು ಕೈ ಎತ್ತಿದರು. ಎಲ್ಲರೂ ನಕ್ಕರು, ಅವನು ಮಾತ್ರ ನಗಲಿಲ್ಲ. ಇನ್ನೊಂದು ತೆಗೆದುಕೊಂಡ. ಆಮೇಲೆ ಇನ್ನೊಂದು. ತಲೆ ಎತ್ತಲೇ ಇಲ್ಲ. ಬಂದ ದಿನದಿಂದ ಕುಣಿಯುತ್ತಿದ್ದ ಅವನ ಮೊಣಕಾಲು ಆಗ ಸುಮ್ಮನೆ ಇತ್ತು. ಪದ್ಮಶ್ರೀ ಫೋಟೋ ತೆಗೆದಳು.

ಆಮೇಲೆ ಊಟ. ಬೇಡ, ಬೇಡ, ಮ್ಯಾನೇಜರು ಬೈತಾರೆ ಎಂದು ನಾನು ಅಡುಗೆಮನೆ ಬಾಗಿಲಲ್ಲಿ ಪಿಸುಗುಟ್ಟಿದೆ. "ಮನೆಗ್ ಬಂದ ಮಗುನ್ನ ಹಂಗೇ ಕಳಿಸಕ್ಕೆ ನಿಮ್ ಮ್ಯಾನೇಜರ್ ಏನು ನನ್ ಗಂಡನಾ?" ಎಂದು ಮುದ್ದೆ ಕಟ್ಟಿಯೇಬಿಟ್ಟಳು. ಮಿಕ್ಕಿಬ್ಬರು ರುಚಿ ನೋಡಿ ಬಿಟ್ಟರು. ತೋಮಾಸ್ ಮೊದಲು ಮುದ್ದೆಯನ್ನು ಚ್ಯೂಯಿಂಗ್ ಗಮ್ಮಿನಂತೆ ಅಗಿದ. ನಾನು ನುಂಗಿ ತೋರಿಸಿದೆ. ಅವನೂ ನುಂಗಿದ, ಕಣ್ಣು ದೊಡ್ಡದಾಯಿತು, ಮತ್ತೆ ಕೈ ಹಾಕಿದ.

"ತಿನು ನಾಯ್ನಾ, ತಿನು" ಅಂತ ಅಮ್ಮಾಜಮ್ಮ ಸಾರು ಬಡಿಸುತ್ತಲೇ ಇದ್ದಳು. ಅವಳ ತವರು ಚೇಳೂರಿನ ಕಡೆ, ಪ್ರೀತಿ ಬಂದರೆ ಬಾಯಲ್ಲಿ ತೆಲುಗು ಬರುತ್ತದೆ.

"ಅಮ್ಮ, ಅವ್ನಿಗೆ ಕನ್ನಡಾನೇ ಬರಲ್ಲ, ನೀನ್ ತೆಲುಗಲ್ಲಿ ಹೇಳ್ತಿದ್ದೀಯ" ಎಂದಳು ಪದ್ಮಶ್ರೀ.

"ತಿಂತಾವ್ನಲ್ಲೇ, ಅರ್ಥ ಆಗಿರೋದಕ್ಕೆ ತಾನೆ?"

ಸಾರು ಖಾರ ಇತ್ತು. ನೀರು ಕಾಯಿಸಿದ್ದೋ ಅಲ್ಲವೋ ಕೇಳಿದರೆ ಅವಳು ಬೋಗುಣಿಯನ್ನು ನನ್ನ ಮುಂದೆ ತಳ್ಳಿದಳು.

ಫೆಬ್ರವರಿ 4, ಗುರುವಾರ

ತೋಮಾಸ್ ಗಾಡಿ ಹತ್ತಲಿಲ್ಲ.

ಹೊಟ್ಟೆ ಎಂದರು.

ಫೆಬ್ರವರಿ 4, ಸಾಯಂಕಾಲ

ಸ್ಟೇಡಿಯಂ ಹತ್ತಿರ ಕೊಂಡಪ್ಪ ಬಂದು ನನ್ನ ಬೆನ್ನು ತಟ್ಟಿದ. "ಗಂಗುಲಣ್ಣ, ಭೇಷ್! ದೇಶಸೇವೆ ಮಾಡ್ಬಿಟ್ಟೆ. ಅತ್ತಿಗೆ ಕೈ ಸಾರಿಗೆ ಒಬ್ಬ ಮಲಗ್ದನಂತೆ. ಇನ್ನಿಬ್ಬರಿಗೂ ಕೊಟ್ಬಿಡು, ನಾವು ಸುಮ್ನೆ ಗೆಲ್ತೀವಿ."

ನಿನಗೆ ಯಾರು ಹೇಳಿದರು ಎಂದರೆ ಫೋನ್ ತೆಗೆದು ತೋರಿಸಿದ. ಪದ್ಮಶ್ರೀ ಆ ಫೋಟೋವನ್ನು ಸ್ಟೇಟಸ್ ಹಾಕಿದ್ದಾಳೆ! ತೋಮಾಸ್, ಬೋಗುಣಿ, ಹಿಂದೆ ನಮ್ಮ ನೀಲಿ ಬಾಗಿಲು. ರಮೇಶ್‌ಬಾಬು ನೋಡಿರುತ್ತಾನೆ. ಊರೆಲ್ಲ ನೋಡಿರುತ್ತದೆ. ಫೋನು ಮಾಡಿ ತೆಗೆಸಿದೆ. "ಸಾರಿ ಅಪ್ಪ, ನಂಗೆ ಹೊಳೀಲಿಲ್ಲ" ಎಂದು ಅತ್ತಳು. ಅವಳನ್ನು ಅಳಿಸಿದ್ದಕ್ಕೆ ಇನ್ನೊಂದು ಸಂಕಟ.

ಕೆಲಸ ಹೋದರೆ ಹೋಗಲಿ, ತರಕಾರಿ ಮಂಡಿಯಲ್ಲಿ ಟೆಂಪೋ ಓಡಿಸಿಕೊಂಡಾದರೂ ಬದುಕಬಹುದು. ಆದರೆ ಆ ಹುಡುಗ ಅಷ್ಟು ದೂರದಿಂದ ಬಂದು, ಅವನ ದೇಶದ ಬಟ್ಟೆ ಮೊದಲನೇ ಸಲ ಹಾಕಿಕೊಂಡು, ನಮ್ಮ ಮನೆಯ ಅನ್ನದಿಂದ ಮಲಗಿಬಿಟ್ಟನಲ್ಲ. ಅವರಮ್ಮನಿಗೆ ಗೊತ್ತಾದರೆ ನಮಗೆ ಏನೆಂದಾಳು?

ಅಮ್ಮಾಜಮ್ಮ ಉಳಿದ ಸಾರನ್ನು ಬಿಸಿ ಮಾಡಿಕೊಂಡು ಒಬ್ಬಳೇ ಕೂತು ಎರಡು ತಟ್ಟೆ ಉಂಡಳು. ಯಾಕೆ ಎಂದರೆ "ನಂಗೂ ಆಗ್ಲಿ, ಗೊತ್ತಾಗ್ತದೆ" ಎಂದಳು.

ಫೆಬ್ರವರಿ 5, ಶುಕ್ರವಾರ

ಅವಳಿಗೆ ಏನೂ ಆಗಿಲ್ಲ. ಅವನು ಇವತ್ತೂ ಬರಲಿಲ್ಲ.

ಅವರ ಡಾಕ್ಟರು ಏನೋ ಮಾತ್ರೆ ಕೊಟ್ಟಿದ್ದಾರಂತೆ. ಏನು ತಿಂದ ಎಂದು ಗೊತ್ತಿಲ್ಲದೆ ಮಾತ್ರೆ ಕೊಟ್ಟರೆ ಹೇಗೆ? ಕ್ಯಾಪ್ಟನ್ನಿಗೆ ಅವರೆ, ಮುದ್ದೆ ಎಂದು ಹೇಳಲು ಬರುತ್ತದಾ? ಸಾರಿಗೆ ಹಾಕಿದ್ದೆಲ್ಲ ಒಂದೊಂದೇ ಹೇಳಬೇಕು. ಹೇಳಿದರೆ ನನ್ನ ಕಥೆ ಮುಗಿಯಿತು. ಬೆಳಗ್ಗೆಯೆಲ್ಲ ಗಾಡಿಯಲ್ಲಿ ಕೂತು ಸ್ಟಿಯರಿಂಗಿನ ಕವರಿನ ದಾರ ಕಿತ್ತೆ.

ಕೊನೆಗೆ ಪದ್ಮಶ್ರೀಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಕ್ಯಾಪ್ಟನ್ ಮುಂದೆ ಹಿಡಿದೆ. "ನಮ್ಮಪ್ಪ ಹೇಳ್ತಿದ್ದಾರೆ ಅಂತ ಎಲ್ಲಾ ಹೇಳಮ್ಮ. ಖಾರ ಎಷ್ಟು, ಬೆಳ್ಳುಳ್ಳಿ ಎಷ್ಟು, ಅದನ್ನೂ. ತಪ್ಪು ನಂದೇ ಅನ್ನು, ಅಮ್ಮನ ಹೆಸರು ತರಬೇಡ."

ಅವಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಕ್ಯಾಪ್ಟನ್ ಮೀಸೆ ಅಲುಗಾಡಿತು. ಆಮೇಲೆ ಜೋರಾಗಿ ನಕ್ಕು ನನ್ನ ಭುಜ ಹಿಡಿದುಕೊಂಡು ಏನೇನೋ ಹೇಳಿದರು.

"ಅಪ್ಪ, ಊಟದಿಂದ ಅಲ್ವಂತೆ!" ಎಂದಳು ಪದ್ಮಶ್ರೀ. "ಚಿಕ್ಕವನಿದ್ದಾಗಿಂದ ಪ್ರತೀ ಮ್ಯಾಚಿಗೂ ಹಿಂಗೇ ಅಂತೆ. ದಿನ ಹತ್ರ ಬಂದ್ರೆ ಭಯಕ್ಕೆ ವಾಂತಿ, ಊಟ ಸೇರಲ್ಲ. ಈ ವಾರ ಪೂರ್ತಿ ಅವ್ನು ಸರಿಯಾಗಿ ತಿಂದಿದ್ದು ನಮ್ಮನೇಲಿ ಮಾತ್ರ ಅಂತೆ. ಇಷ್ಟೊಂದು ಹೆದರೋನ್ನ ಅವ್ರು ಇದುವರೆಗೂ ನೋಡೇ ಇಲ್ವಂತೆ. ನಾನು, ನಮ್ಮಪ್ಪನ್ನ ನೋಡಿ ಸಾರ್ ಅಂದೆ."

ಇಷ್ಟು ದಿನದ ಮೇಲೆ ಬಾಯಿಗೆ ಕಾಫಿ ರುಚಿ ಹತ್ತಿತು. ಕುಡಿದು ಮುಗಿಸುವಷ್ಟರಲ್ಲಿ ಇನ್ನೊಂದು ಹೊಳೆಯಿತು. ಊಟದಿಂದಾದರೆ ಮಾತ್ರೆ ಇದೆ. ಭಯಕ್ಕೆ ಏನಿದೆ? ನಾನು ಮೊದಲ ಸಲ ಗಾಡಿ ಲೈಸೆನ್ಸಿಗೆ ಹೋದ ದಿನ ಆಫೀಸಿನ ಗೋಡೆ ಹಿಡಿದು ಕಕ್ಕಿದ್ದೆ. ಆಗ ನನ್ನ ಜೊತೆ ಯಾರೂ ಇರಲಿಲ್ಲ.

ಫೆಬ್ರವರಿ 6, ಶನಿವಾರ

ಎರಡು ಆಟ ಆಯಿತು. ನಾವು ಒಂದು, ಅವರು ಒಂದು. ಆದರೆ ಗೆದ್ದ ಅವರ ಆಟಗಾರ ಕೊನೆಯಲ್ಲಿ ಕಾಲು ಉಳುಕಿಸಿಕೊಂಡ. ನಾಳೆ ಒಂದು ಜೋಡಿ ಆಟ, ಆಮೇಲೆ ಎರಡು ಒಂಟಿ ಆಟ. ಕೊನೆಯದು, ಐದನೆಯದು, ಅವನ ಬದಲು ತೋಮಾಸ್ ಆಡಬೇಕು.

ವಾಪಸ್ ಬರುವಾಗ ನನ್ನ ಪಕ್ಕ ಕೂತಿದ್ದ. ತುಟಿ ಬೆಳ್ಳಗಾಗಿತ್ತು. ಜಿಪ್ಪು ಎಳೆದು ನೋಡುವುದನ್ನೂ ಬಿಟ್ಟಿದ್ದ. ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಇಳಿಯುವಾಗ ಕ್ಯಾಪ್ಟನ್ ಕಿಟಕಿಯ ಹತ್ತಿರ ಬಂದು ಹೆಬ್ಬೆರಳು ತೋರುಬೆರಳು ಒತ್ತಿ ಒತ್ತಿ ತೋರಿಸಿದರು. "ಟುಮಾರೊ? ಬೀನ್ಸ್?"

ಮನೆಗೆ ಬಂದು ಹೇಳಿದೆ. ಅಮ್ಮಾಜಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಅಲ್ಲ, ನಮ್ ದೇಶ ಸೋಲ್ಸಕ್ಕೆ ನಾನೇ ಕಾಳು ನೆನೆಹಾಕ್ಬೇಕಾ?" ಎಂದು ಬೈಯುತ್ತಲೇ ದೊಡ್ಡ ಪಾತ್ರೆಗೆ ನೀರು ಹಿಡಿದಳು. ಮನೆಯ ಕಾಳು ಸಾಲದು ಎಂದು ಪಕ್ಕದ ಮನೆಯಿಂದಲೂ ಇಸಿದುಕೊಂಡು ಬಂದಳು.

ಫೆಬ್ರವರಿ 7, ಭಾನುವಾರ

ಬೋಗುಣಿಯನ್ನು ತೋಮಾಸ್‌ನ ತೊಡೆಯ ಮೇಲಿಟ್ಟೆ. ಹೇಳಲು ಭಾಷೆ ಇಲ್ಲ. ಸ್ವಲ್ಪ ದೂರ ಅದನ್ನೇ ನೋಡುತ್ತಿದ್ದ. ಆಮೇಲೆ ಪುಳಕ್ ಎಂದಿತು. ಹಿಂದಿನ ಸೀಟಿನವರು ಇಣುಕಿದರು, ಒಂದು ಹಿಡಿ ಕೇಳಿದರು. ಮೇಖ್ರಿ ಸರ್ಕಲ್ಲಿಗೆ ಬರುವಷ್ಟರಲ್ಲಿ ಗಾಡಿಯಲ್ಲಿದ್ದವರೆಲ್ಲ ತಲೆ ಬಗ್ಗಿಸಿ ಅವರೆಕಾಳು ಹಿತುಕುತ್ತಿದ್ದರು, ಮದುವೆ ಮನೆಯ ಅಡುಗೆ ಹೆಂಗಸರ ಹಾಗೆ. ಗಾಡಿಯೆಲ್ಲ ಸೊಗಡಿನ ವಾಸನೆ.

ಗೇಟಿನಲ್ಲಿ ಸೆಕ್ಯುರಿಟಿಯವನು ಹಿಡಿದ. "ಏನ್ರೀ ಇದು?"

"ಅವರೆಕಾಳು."

"ಕಾಣ್ತದೆ, ನಮ್ದು ಹೊಸಕೋಟೆ, ನಾವೂ ಅವರೆ ಬೆಳೆಯೋರೇ. ಯಾಕೆ ಅಂತ ಕೇಳ್ದೆ."

"ಆಟಕ್ಕೆ" ಎಂದೆ. ಅವನು ನನ್ನ ಮುಖ ನೋಡಿದ, ಬೋಗುಣಿ ಮೂಸಿದ, ಒಳಗೆ ಬಿಟ್ಟ.

ಜೋಡಿ ಆಟ ಅವರದು, ನಾಲ್ಕನೆಯದು ಇಂಡಿಯಾದ್ದು. ಎರಡು, ಎರಡು. ಉಳಿದದ್ದು ಐದನೆಯದು.

ಕ್ಯಾಪ್ಟನ್ ಕೊಟ್ಟ ಪಾಸಿನಲ್ಲಿ ನಾನು ಅವರ ಕಡೆಯ ಕುರ್ಚಿಯಲ್ಲಿ ಕೂತಿದ್ದೆ. ಎದುರುಗಡೆ ಕೊಂಡಪ್ಪ ಬಾವುಟ ಹಿಡಿದು ಕುಣಿಯುತ್ತಾ ನನ್ನ ಕಡೆ ಕೈ ತೋರಿಸಿ ಏನೋ ಕೂಗುತ್ತಿದ್ದ. ಹದಿನೈದು, ಮೂವತ್ತು, ಅದರ ಮೇಲೆ ನಲವತ್ತು ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಚೆಂಡು ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಅವನ ಮೊಣಕಾಲನ್ನೇ ನೋಡುತ್ತಿದ್ದೆ. ಕುಣಿಯಲಿಲ್ಲ.

ಮೊದಲನೇ ಸೆಟ್ ಗೆದ್ದ. ಎರಡನೆಯದು ಹೋಯಿತು. ನಡುವೆ ಕುರ್ಚಿಯಲ್ಲಿ ಕೂತಾಗ ತೊಡೆಯ ಮೇಲೆ ಟವೆಲ್ ಹಾಸಿಕೊಂಡ. ಟವೆಲ್ಲಿನ ಕೆಳಗೆ ಅವನ ಹೆಬ್ಬೆರಳು ತೋರುಬೆರಳು ಆಡುತ್ತಿದ್ದವು. ಸ್ಟೇಡಿಯಮ್ಮಿನಲ್ಲಿ ಅಷ್ಟು ಸಾವಿರ ಜನ ಇದ್ದರೂ ಅದೇನೆಂದು ಗೊತ್ತಿದ್ದವರು ನಾವು ನಾಲ್ಕೈದು ಜನ. ನೋಡಿಕೊಂಡರೆ ನನ್ನ ಬೆರಳೂ ಆಡುತ್ತಿದ್ದವು.

ಮೂರನೆಯದರಲ್ಲಿ ಸಮ ಸಮ ಬಂದು, ಟೈ ಬ್ರೇಕ್ ಎಂದರು. ಕೊನೆಯ ಚೆಂಡು ಬಲೆಯ ಪಟ್ಟಿಗೆ ತಗುಲಿ, ಮೇಲೆದ್ದು, ಅವನ ಕಡೆಗೇ ಬಿತ್ತು.

ನಾವು ಸೋತೆವು.

ಅಲ್ಲ, ಇಂಡಿಯಾ ಗೆದ್ದಿತು. ಎದ್ದು ಚಪ್ಪಾಳೆ ಹೊಡೆದೆ, ನಮ್ಮ ದೇಶವಲ್ಲವೇ, ಹೊಡೆಯಬೇಕು. ಕಣ್ಣಿಗೆ ಧೂಳು ಬಿದ್ದಿತ್ತು. ಕೊಂಡಪ್ಪ ಓಡಿ ಬಂದವನು ನನ್ನ ಮುಖ ನೋಡಿ ಹೆಗಲ ಮೇಲಿನ ಅವನ ಟವೆಲ್ ಕೊಟ್ಟು ಹೋದ.

ಅಮ್ಮಾಜಮ್ಮನಿಗೆ ಫೋನ್ ಮಾಡಿದರೆ ಮೊದಲ ಮಾತೇ, "ಗೆದ್ನೋ ಸೋತ್ನೋ ಆಮೇಲ್ ಹೇಳು. ಕಕ್ಕಿದ್ನಾ?"

ಇಲ್ಲ. ಕಕ್ಕಿರಲಿಲ್ಲ. ಅದನ್ನು ನಾನು ಗಮನಿಸಿಯೇ ಇರಲಿಲ್ಲ.

ಫೆಬ್ರವರಿ 8, ಸೋಮವಾರ

ಅವರು ಹಿತುಕಿದ ಬೇಳೆಯನ್ನು ನಿನ್ನೆ ಮನೆಗೆ ತಂದಿದ್ದೆ. ಬೆಳಗ್ಗೆ ಎದ್ದರೆ ಸಾರು ಕುದಿಯುತ್ತಿದೆ, ಅಮ್ಮಾಜಮ್ಮ ಹೊಸ ಸೀರೆ ಉಟ್ಟು ಕ್ಯಾರಿಯರ್ ಕಟ್ಟಿಕೊಂಡು ಗಾಡಿಯಲ್ಲಿ ಕೂತಿದ್ದಾಳೆ. "ಅವ್ರೇ ಹಿತುಕಿದ್ದು, ಅವ್ರೇ ತಿನ್ಬೇಕು. ನಡಿ."

ಏರ್‌ಪೋರ್ಟಿನ ಪಾರ್ಕಿಂಗಿನಲ್ಲಿ ಟಿಟಿಯ ಬಾಗಿಲು ತೆಗೆದು ಬಡಿಸಿದಳು. ಸೋತ ತಂಡ ಎಂದು ಯಾರೂ ಹೇಳಲಾರರು, ಹಾಗೆ ಉಂಡರು. ತೋಮಾಸ್ ಎರಡು ಮುದ್ದೆ ನುಂಗಿದ. ಅಗಿಯಲಿಲ್ಲ. ಹೋಗುವಾಗ ಅವಳ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದ, ಪದ್ಮಶ್ರೀ ಫೋನಿನಲ್ಲಿ ಹೇಳಿಕೊಟ್ಟಿದ್ದಾಳೆ, ಕಳ್ಳಿ. "ಚಲ್ಲಗಾ ಉಂಡು ನಾಯ್ನಾ", ಚೆನ್ನಾಗಿರಪ್ಪ ಎಂದು ತೆಲುಗಿನಲ್ಲೇ ಹರಸುತ್ತಾ ಅವನ ತಲೆ ಮುಟ್ಟಲು ಇವಳು ತುದಿಗಾಲಿನಲ್ಲಿ ನಿಂತಳು. ಆಮೇಲೆ ಒಂದು ಗಂಟು ಒಣ ಅವರೆಕಾಳು ಅವನ ಚೀಲಕ್ಕೆ ತುರುಕಿದಳು. ಹೇಗೆ ನೆನೆಸಬೇಕು ಎಂದು ಪದ್ಮಶ್ರೀ ಇಂಗ್ಲಿಷಿನಲ್ಲಿ ಮೆಸೇಜ್ ಮಾಡಿದ್ದಾಳೆ. ಅವನು ಜಿಪ್ಪು ಎಳೆದು ನೋಡಿದ. ನಾನೂ ಒಂದು ಸಲ ಎಳೆದು ನೋಡಿದೆ. ಇಬ್ಬರೂ ನಕ್ಕೆವು.

ನನಗೆ ಒಂದು ಚೆಂಡು ಕೊಟ್ಟ. ಗಾಡಿಯ ಮುಂದುಗಡೆ, ದೇವರ ಪಟದ ಪಕ್ಕದಲ್ಲಿ ಇಟ್ಟಿದ್ದೇನೆ. ತಿರುವಿನಲ್ಲಿ ಅದು ಉರುಳಿ ಕೆಳಗೆ ಬಿತ್ತು. ದೇವನಹಳ್ಳಿ ದಾಟಿದ ಮೇಲೆ ಎತ್ತಿಟ್ಟೆ.

ಮಧ್ಯಾಹ್ನ ರಮೇಶ್‌ಬಾಬು ಫೋನ್. "ಏನ್ರೀ ಗಂಗುಲಪ್ಪ, ಫೋಟೋ ನಾನೂ ನೋಡಿದ್ದೆ." ಆಮೇಲೆ ದನಿ ತಗ್ಗಿಸಿ, "ಆ ಕಾಳು ನಮ್ಮನೆಗೂ ಸ್ವಲ್ಪ ಸಿಗುತ್ತಾ?" ಎಂದ.

ಬಂದವನೇ ಮಲಗಿಬಿಟ್ಟೆ. ಗಾಡಿಯ ಬಾಗಿಲು ನೋಡಿದೆನೋ ಇಲ್ಲವೋ ನೆನಪಿಲ್ಲ.

ಫೆಬ್ರವರಿ 24, ಬುಧವಾರ

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಮಂಚೇನಹಳ್ಳಿಗೆ ಒಂದು ಮದುವೆ ಟ್ರಿಪ್ಪು, ಇನ್ನೆರಡು ಏರ್‌ಪೋರ್ಟು.

ಇವತ್ತು ಪದ್ಮಶ್ರೀ ಕಾಲೇಜಿನಿಂದ ಓಡುತ್ತಾ ಬಂದಳು. ತೋಮಾಸ್ ಫೋಟೋ ಕಳಿಸಿದ್ದಾನೆ. ಗಾಜಿನ ಬಟ್ಟಲಲ್ಲಿ ನಮ್ಮ ಅವರೆಕಾಳು, ಕಿಟಕಿಯಾಚೆ ಹಿಮ. ನಾಡಿದ್ದು ಅವನಿಗೆ ಇನ್ನೊಂದು ದೊಡ್ಡ ಆಟವಂತೆ. ರಾತ್ರಿಯೆಲ್ಲ ನೆನೆಹಾಕಿದ್ದಾನೆ, ಎಷ್ಟು ಒತ್ತಿದರೂ ಸಿಪ್ಪೆ ಬಿಡುತ್ತಿಲ್ಲವಂತೆ. ಕೆಳಗೆ ಅಳುವ ಮುಖದ ಗೊಂಬೆ.

ಅಮ್ಮಾಜಮ್ಮ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ನೋಡಿದಳು. "ನೀರು ಕಮ್ಮಿ ಆಗೈತೆ" ಎಂದಳು. ನೀರಲ್ಲ, ಚಳಿ, ನನಗೆ ಗೊತ್ತು. ಆ ದೇಶದ ನಲ್ಲಿ ನೀರಿನಲ್ಲಿ ಕಾಳು ಕಲ್ಲಿನ ಹಾಗೆ ಕೂತಿರುತ್ತದೆ. ನಾಡಿದ್ದು ಅವನು ಬರೀ ಕೈಯಲ್ಲಿ ಆಟಕ್ಕೆ ಹೋಗುವುದು ಹೇಗೆ? ಒಲೆಯ ಹತ್ತಿರ ಇಡಬೇಕು, ಮೇಲೆ ಬಟ್ಟೆ ಮುಚ್ಚಬೇಕು. ಇದನ್ನೆಲ್ಲ ಅವತ್ತೇ ನಾನು ಹೇಳಿದ್ದೆ. ಹೇಳಿದೆನೋ, ಬರೀ ಅಂದುಕೊಂಡೆನೋ.

ಪದ್ಮಶ್ರೀ ಒಳಗೆ ಕಾಫಿ ಕುಡಿಯುತ್ತಿದ್ದಾಳೆ. ಇಲ್ಲಿಂದಲೇ ಕೂಗಿದೆ: "ಅಮ್ಮಣ್ಣಿ, ಅವತ್ತು ನೀನು ಕಳ್ಸಿದ್ ಮೆಸೇಜು ತೆಗಿ. ನೆನೆಹಾಕಕ್ಕೆ ಉಗುರುಬೆಚ್ಚಗಿನ ನೀರು ಅಂತ ಬರ್ದಿದ್ಯಾ, ಬರೀ ನೀರು ಅಂತಾನಾ? ಇನ್ನೊಂದ್ ಸಲ ನೋಡಮ್ಮ."